ಎಂಟನೆಯ ಗೆರೆ

ಒಕಾಯಾಮಾ
ಮಂಗಳವಾರ

ಪ್ರೀತಿಯ ಅಪ್ಪ,

ನೀವೇ ಸಾಣೆ ಹಿಡಿದು ಕೊಟ್ಟ, ಸಾಯುವ ಮುನ್ನ ಇನ್ನೊಮ್ಮೆ ನೋಡಬೇಕೆಂದು ನಲವತ್ತೆರಡು ವರ್ಷ ಹುಡುಕಿದ ಕತ್ತಿ ನಮ್ಮ ಕಲಾಸಂಗ್ರಹಾಲಯಕ್ಕೇ ಬಂದಿದೆ. ಇಂದು ಅಲಗಿನ ಬುಡದ ತಾಮ್ರದ ಪಟ್ಟಿ ತೆಗೆದೆವು. ಅದರಡಿ, ಸಾಣೆ ಹಿಡಿದ ಗುರುತಿಗೆ ನೀವು ಎಳೆಯುವ ಏಳು ಗೆರೆಗಳಿದ್ದವು. ಪಕ್ಕದಲ್ಲಿ ಎಂಟನೆಯದೊಂದು, ಡೊಂಕಾಗಿ.

“ಇದನ್ನ ಎಳೆಯೋ ಹೊತ್ತಿಗೆ ನಿಮ್ಮಪ್ಪ ಕುಡಿದಿದ್ರೇನಮ್ಮ?” ಎಂದರು ನಿರ್ದೇಶಕ ಕುರಿಹಾರ.

“ಅದು ನಂದು ಸಾರ್. ಆಗ ನಂಗೆ ಆರು ವರ್ಷ.”

ಅಂದು ಗೆರೆ ಎಳೆದು ಹೆದರಿ ಅತ್ತ ನನಗೆ, “ಸುಮ್ನಿರು ಪುಟ್ಟಿ, ಉಜ್ಜಿ ತೆಗೆದುಬಿಟ್ಟೆ” ಎಂದಿದ್ದಿರಿ. ತೆಗೆದಿರಲಿಲ್ಲ.

ಗುರುವಾರ ಬನ್ನಿ, ಕತ್ತಿಯನ್ನು ನಿಮ್ಮ ಕೈಗೇ ಕೊಡುತ್ತಾರೆ. ಅಲಗಿಗೆ ಉಸಿರು ತಾಗದಂತೆ ತುಟಿಯಲ್ಲಿ ಕಚ್ಚಿಕೊಳ್ಳುವ ಕಾಗದ ಎರಡು ತನ್ನಿ. ನನಗೂ ಒಂದು ಬೇಕು, ಬೆಳಗಿನಿಂದ ನಗು ನಿಲ್ಲುತ್ತಿಲ್ಲ.

ನಿಮ್ಮ ಮಗಳು,
ಸಾಯೊಕೊ