ಎಡ ಮೊಣಕೈ ಊರಿ

ಅಕ್ಕಾ,

ನಿನ್ನ ತಮ್ಮ ತಟ್ಟೆ ಪಕ್ಕ ನೆಲದ ಮೇಲೆ ಬಿದ್ದಿದ್ದ ಅಂತ ಮನೆ ಓನರಮ್ಮ ನಿನಗೆ ಫೋನ್ ಮಾಡಿದ್ರಂತೆ. ಕಡ್ಡೀನ ಗುಡ್ಡ ಮಾಡಿದ್ದಾರೆ. ನಾನು ಕೆಲಸ ಮಾಡ್ತಿದ್ದೆ.

ಗ್ರೀಕ್ ಬೈಬಲ್ಲನ್ನ ನಮ್ಮ ಭಾಷೆಗೆ ತರ್ತಿದ್ದೀವಲ್ಲ, ಅದರಲ್ಲಿ 'ಅನಾಕೆಯ್ಮಯ್' ಅಂತ ಒಂದು ಕ್ರಿಯಾಪದ. ಒರಗಿಕೊಳ್ಳೋದು ಅಂತ ಅರ್ಥ, ಆದರೆ ಬರೋದು ಹೆಚ್ಚಾಗಿ ಊಟದ ಕಡೆ. ಆಗಿನವರು ಔತಣದಲ್ಲಿ ಎಡ ಮೊಣಕೈ ಊರಿ, ಕಾಲು ಹಿಂದಕ್ಕೆ ಚಾಚಿ, ಮಲಗಿದ ಹಾಗೇ ಉಣ್ತಿದ್ದರು. "ಊಟಕ್ಕೆ ಕುಳಿತರು ಅಂತ ಬರೆದು ಮುಗಿಸಯ್ಯ" ಅಂತಾರೆ ನಮ್ಮ ಗುಂಪಿನ ಹಿರಿಯರು. ನನ್ನ ಹಟ ನಿನಗೆ ಗೊತ್ತು. ಮಾಡಿ ನೋಡದೆ ನಾನು ಯಾವ ಕ್ರಿಯಾಪದಾನೂ ಬರೆಯೋನಲ್ಲ. ಬಲೆ ಬೀಸೋದನ್ನೂ ಮಹಡಿ ಮೇಲೆ ಸೊಳ್ಳೆ ಪರದೆ ಹಿಡಿದು ಮಾಡಿದ್ದೆ.

ನಾಲ್ಕು ತುತ್ತಿಗೇ ಕೈ ಜೋಮು ಹಿಡೀತು, ಹಿಂದಕ್ಕೆ ಉರುಳಿದೆ. ಆಗ ತಿಳೀತು, ಅವರು ಒಬ್ಬರ ಹಿಂದೆ ಒಬ್ಬರು ಒರಗ್ತಿದ್ದರು. ವಾಲಿದವನ ತಲೆಗೆ ಹಿಂದಿನವನ ಎದೆ ಸಿಗ್ತಿತ್ತು. ಉರುಳಿದವನು ಏಳೋಕೆ ಮನಸ್ಸಾಗದೆ ಹಾಗೇ ಇದ್ದೆ. ಓನರಮ್ಮ ಬಂದದ್ದು ಆಗಲೇ.

ಊಟ ಸರಿಯಾಗಿ ಮಾಡ್ತಿದ್ದೀಯಾ ಅಂತ ನೀನು ಕೇಳಿದ್ದೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ಒಲೆ ಪಕ್ಕ ನಿಂತೇ ಮುಗಿಸ್ತೀನಿ. ಪಾತ್ರೆ ಕಡಿಮೆ ಆಗುತ್ತೆ.

ಭಾನುವಾರ ಬಿಡುವಿದ್ದರೆ ಬಾ. ಭಾವನೂ ಬರಲಿ. ಅಡುಗೆ ನನ್ನದು, ಚಾಪೆ ಹಾಸಿರ್ತೀನಿ. ನೀನು ಒರಗೋದು ಬೇಡ, ನನ್ನ ಬೆನ್ನ ಹಿಂದೆ ಸುಮ್ಮನೆ ಕೂತಿದ್ದರೆ ಸಾಕು. ಕೆಲಸಕ್ಕೇ ಕರೀತಿರೋದು, ಬೇರೇನೂ ಅಂದ್ಕೋಬೇಡ.

ಅಲ್ಲಿವರೆಗೆ ಆ ಪದದ ಜಾಗ ಖಾಲಿ ಬಿಟ್ಟಿದ್ದೀನಿ.

ನಿನ್ನ ತಮ್ಮ