ಮೂರು ಚಳಿಗಾಲದ ಟೈರು

ಪ್ರೀತಿಯ ತಮ್ಮ ತೌನೊ,

ಎದುರು ಮನೆಯಲ್ಲಿರುವವನಿಗೆ ಕಾಗದ ಬರೆಯುವ ಗತಿ ಬಂತು ನೋಡು ನನಗೆ. ಬಾಯಲ್ಲಿ ಹೇಳೋಣವೆಂದರೆ ನೀನು ಮಾತಿಗೆ ಸಿಗುವವನಲ್ಲ. ಟೈರಿನ ಸುದ್ದಿ ಎತ್ತಿದ ಕೂಡಲೇ ರೇಡಿಯೋ ಹಾಕುತ್ತೀಯ, ಇಲ್ಲವೇ ಬೆವರುಸ್ನಾನದ ಸೌನಾ ಒಲೆಗೆ ಕಟ್ಟಿಗೆ ಒಡೆಯಬೇಕೆಂದು ಎದ್ದು ಹೋಗುತ್ತೀಯ. ಇದನ್ನು ನಿನ್ನ ಪಿಕಪ್ಪಿನ ಸ್ಟಿಯರಿಂಗಿಗೆ ಸಿಕ್ಕಿಸಿ ಬರುತ್ತೇನೆ. ಪೂರ್ತಿ ಓದದೆ ಗಾಡಿ ತೆಗೆದರೆ ನನ್ನಾಣೆ.

ಮೊದಲು ವಿಷಯಕ್ಕೆ ಬರುತ್ತೇನೆ. ಇವತ್ತು ಗುರುವಾರದ ಡಯಾಲಿಸಿಸ್ ಮುಗಿಸಿ ಬಂದು ಕೋಟು ಬಿಚ್ಚುವಷ್ಟರಲ್ಲಿ ಟೈರಿನಂಗಡಿಯ ರೇನೊ ಫೋನ್ ಮಾಡಿದ. ಹಿಮಕ್ಕೆಂದೇ ಮಾಡಿದ ಆ ಮೆತ್ತನೆ ರಬ್ಬರಿನ ಟೈರು ನಿನ್ನ ಗಾಡಿಯ ಅಳತೆಯಲ್ಲಿ ನಾಲ್ಕೇ ನಾಲ್ಕು ಉಳಿದಿವೆಯಂತೆ. ನಾಳೆ ಮಧ್ಯಾಹ್ನದವರೆಗೆ ನಿನಗಾಗಿ ಎತ್ತಿಡುತ್ತಾನೆ, ಆಮೇಲೆ ಕೇಳಿದವರಿಗೆ ಕೊಟ್ಟುಬಿಡುತ್ತಾನೆ. ನಾಳೆ ಸಂಜೆಯಿಂದ ಸರೋವರದ ಕಡೆಯಿಂದ ಒಂದೂವರೆ ಅಡಿ ಹಿಮ ಬರುತ್ತದೆ. ಶನಿವಾರ ಬೆಳಿಗ್ಗೆ ನನಗೆ ಮತ್ತೆ ಡಯಾಲಿಸಿಸ್. ಆಸ್ಪತ್ರೆ ಐವತ್ತೆಂಟು ಮೈಲಿ. ಇದನ್ನೆಲ್ಲ ನಿನಗೆ ಬಿಡಿಸಿ ಹೇಳಬೇಕಾಗಿ ಬಂದಿದೆಯಲ್ಲ, ಅದೇ ನನಗೆ ಸಂಕಟ.

ಎಂಟು ವಾರವಾಯಿತು ಕಣೋ ನೀನು ಟೈರು ಆರಿಸಲು ಶುರು ಮಾಡಿ. ಹೆಣ್ಣು ನೋಡುವವರು ಕೂಡ ಇಷ್ಟು ಅಲೆಯುವುದಿಲ್ಲ. ಮೂರು ಊರಿನ ಅಂಗಡಿಗಳಲ್ಲಿ ಟೈರಿಗೆ ಉಗುರು ಒತ್ತಿ ಬಂದೆ. ಅದರ ಪಕ್ಕೆಯಲ್ಲಿ, ಹಿಮದ ಟೈರಿಗೆಂದೇ ಒತ್ತುವ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇದೆಯೋ ಇಲ್ಲವೋ ಎಂದು ಭೂತಗನ್ನಡಿ ಹಿಡಿದು ನೋಡಿದೆ. ಇಂಪಿ ಚಿಕ್ಕಮ್ಮನನ್ನು ಮಣ್ಣು ಮಾಡಿದ ದಿನ ನಾವೆಲ್ಲ ಚರ್ಚಿನಲ್ಲಿ ಕಾಫಿ ಕುಡಿಯುತ್ತ ಏಲಕ್ಕಿ ಹಾಕಿದ ನಿಸು ಬ್ರೆಡ್ಡು ತಿನ್ನುತ್ತಿದ್ದರೆ ನೀನು ಹೊರಗೆ ಒಳ್ಳೆಯ ಸೂಟು ಹಾಕಿಕೊಂಡು ಪಾದ್ರಿಗಳ ಕಾರಿನ ಪಕ್ಕ ಮಂಡಿಯೂರಿ, ಟೈರಿನ ಗೀರಿನೊಳಗೆ ನಾಣ್ಯ ತೂರಿಸಿ ಆಳ ನೋಡುತ್ತಿದ್ದೆ. ಪಾಪ, ಪಾದ್ರಿಗಳು ನೀನು ಚಿಕ್ಕಮ್ಮನಿಗಾಗಿ ಪ್ರಾರ್ಥನೆ ಮಾಡುತ್ತಿದ್ದೀಯೆಂದುಕೊಂಡು ಟೋಪಿ ತೆಗೆದು ನಿಂತಿದ್ದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತ್ತು.

ಅಷ್ಟೆಲ್ಲ ನೋಡಿ ಕೊನೆಗೆ ಮಾಡಿದ್ದೇನು? ಹಳೆಯ ಟೈರಿನಲ್ಲೇ ಗಾಡಿ ಓಡಿಸಿದೆ. ನಮ್ಮೂರ ಗಂಡಸರಿಗೆಲ್ಲ ಇದೊಂದು ರೋಗ. ಪಿಕಪ್ಪಿನ ಹಿಂಭಾಗಕ್ಕೆ ಭಾರಕ್ಕೆಂದು ನಾಲ್ಕು ಮರಳಿನ ಮೂಟೆ ಹೇರಿ, ನಾಲ್ಕೂ ಚಕ್ರಕ್ಕೆ ಗೇರು ಹಾಕಿಬಿಟ್ಟರೆ ಹಿಮ ತಾನಾಗಿ ದಾರಿ ಬಿಡುತ್ತದೆ ಎಂದು ನಂಬಿದ್ದೀರಿ. ಮೊದಲ ಹಿಮ ಬಿದ್ದ ದಿನ "ನಾಲ್ಕೂ ಚಕ್ರ ಎಳೆಯುತ್ತೆ ಅಕ್ಕ, ಸುಮ್ನೆ ಕೂತ್ಕೋ" ಅಂದೆ. ಎಳೆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಮಂಗಳವಾರ ಸೇತುವೆಯ ಇಳಿಜಾರಿನಲ್ಲಿ ನಿಲ್ಲಬೇಕಾದಾಗ ಅದು ನಿಲ್ಲಲಿಲ್ಲ. ಗಾಡಿ ಅಡ್ಡ ತಿರುಗಿ ಹಿಮದ ದಿಬ್ಬಕ್ಕೆ ಹೋಗಿ ಕೂತಿತು. ಎಳೆಯುವ ಗಾಡಿ ಬರುವ ಹೊತ್ತಿಗೆ ಎರಡು ಗಂಟೆ ಹೋಯಿತು, ನಾಲ್ಕು ತಾಸು ಆಗಬೇಕಾದ ಡಯಾಲಿಸಿಸ್ ಎರಡೇ ತಾಸಾಯಿತು. ಬುಧವಾರ ನನ್ನ ಕಾಲು ಬೂಟಿನೊಳಗೆ ಹೋಗಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ನಿನಗೆ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಶನಿವಾರ ಪೂರ್ತಿ ತಪ್ಪಿದರೆ ನಾನು ಮುಂದಿನ ಮಂಗಳವಾರದ ತನಕ ತಡೆಯುವುದಿಲ್ಲ ತೌನೊ.

ಹೋದ ಶುಕ್ರವಾರ ಆ ಮೆತ್ತನೆ ಟೈರನ್ನು ನಾನೇ ಒತ್ತಿ ನೋಡಿ "ಇದೇ ಇರಲಿ" ಅಂದಿದ್ದೆ. ನೀನು ರೇನೊನನ್ನು ಕೇಳಿದ್ದು ಒಂದೇ ಮಾತು, "ಎಷ್ಟು ಚಳಿಗಾಲ ಬಾಳುತ್ತೆ?" ಅವನು, "ಮೆತ್ತಗಿದ್ದಷ್ಟೂ ಹಿಮ ಕಚ್ಚುತ್ತೆ, ಬೇಗ ಸವೆಯುತ್ತೆ. ಮೂರು ಅಂದ್ಕೋ" ಅಂದ. ಅಷ್ಟೇ. ಟೈರನ್ನು ಗೋಡೆಗೆ ಒರಗಿಸಿ ಹೊರಗೆ ಹೋಗಿಬಿಟ್ಟೆ. ನಾನು ಅಂಗಡಿಯಲ್ಲಿದ್ದವರೆಲ್ಲರ ಎದುರು ನಿನ್ನನ್ನು ಜಿಪುಣ ಎಂದು ಬೈದೆ. ಅವತ್ತಿನಿಂದ ನೀನು ಬಾಯಿಗೆ ಬೀಗ ಹಾಕಿದ್ದೀಯ. ಇವತ್ತು ಹೋಗಿ ಬರುವ ನೂರಹದಿನಾರು ಮೈಲಿಯೂ ಬರೀ ರೇಡಿಯೋ.

ಇವತ್ತು ರೇನೊ ಫೋನಿನಲ್ಲಿ ಹೇಳಿದ. "ಲೆಂಪಿ, ಅವ್ನು ದುಡ್ಡು ನೋಡ್ತಾ ಇಲ್ಲ. ಆಮೇಲೆ ಒಬ್ನೇ ಬಂದು ಇದಕ್ಕಿಂತ ಜಾಸ್ತಿ ಬೆಲೆಯದ್ದನ್ನೇ ಕೇಳ್ದ. ಹತ್ತು ಚಳಿಗಾಲ ಬಾಳೋದೇ ಬೇಕಂತೆ. ಅಂಥದ್ದು ಈ ಚಳಿಗೆ ಕಲ್ಲಾಗುತ್ತೆ, ಜಾರುತ್ತೆ ಕಣೋ ಅಂದೆ. 'ಅಕ್ಕಂಗೆ ಹತ್ತು ಬೇಕು' ಅಂದ, ಎದ್ದು ಹೋದ."

ಫೋನು ಇಟ್ಟು ಈ ಕಾಗದ ಬರೆಯಲು ಕೂತೆ. ಸೆಪ್ಟೆಂಬರಿನಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು "ಈ ವಯಸ್ಸಿಗೆ, ಈ ಹೃದಯಕ್ಕೆ, ಇನ್ನು ಮೂರು ಚಳಿಗಾಲ ಅಂದ್ಕೊಳ್ಳಿ" ಅಂದಿದ್ದರಲ್ಲ. ನಾನು ಕೇಳಿಸಿಕೊಂಡು ಮನೆಗೆ ಬಂದು ಮೀನಿನ ಸಾರು ಮಾಡಿದೆ. ನೀನು ಆ ಮೂರನ್ನು ಎದೆಯಲ್ಲಿಟ್ಟುಕೊಂಡು ಮಾರನೆಯ ದಿನದಿಂದ ಟೈರಿನಂಗಡಿ ಸುತ್ತಲು ಹೊರಟೆ. ಅಯ್ಯೋ ಹುಚ್ಚಪ್ಪಾ, ಅರವತ್ತೆಂಟು ವರ್ಷದವನು ನೀನು. ಟೈರು ಹತ್ತು ವರ್ಷ ಬಾಳಿದರೆ ಅಕ್ಕನೂ ಬಾಳುತ್ತಾಳೆಂದು ಯಾರು ಹೇಳಿದರು ನಿನಗೆ? ನಿನ್ನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿದೆಯೆಂದರೆ, ಈಗಲೇ ರಸ್ತೆ ದಾಟಿ ಬಂದು ನಿನ್ನ ಕಿವಿ ಹಿಂಡಬೇಕು ಅನ್ನಿಸುತ್ತಿದೆ. ಅಳುವೂ ಬರುತ್ತಿದೆ, ಅದೂ ನಿನ್ನಿಂದಲೇ. ಜಿಪುಣ ಅಂದಿದ್ದು ತಪ್ಪಾಯಿತು.

ನನಗೆ ಹತ್ತು ಚಳಿಗಾಲ ಬೇಡವೆಂದು ತಿಳಿಯಬೇಡ. ಬೇಕು. ಸಾಯುವುದಕ್ಕೆ ನನಗೂ ಭಯ, ಯಾರಿಗೂ ಹೇಳಿಲ್ಲ, ನಿನಗೆ ಮಾತ್ರ ಹೇಳುತ್ತಿದ್ದೇನೆ. ಆದರೆ ಆ ಹತ್ತನ್ನು ಕೊಡುವುದು ನಿನ್ನ ಕೈಯಲ್ಲೂ ಇಲ್ಲ, ರೇನೊನ ಅಂಗಡಿಯಲ್ಲೂ ಇಲ್ಲ. ನಿನ್ನ ಕೈಯಲ್ಲಿರುವುದು ಶನಿವಾರ. ನನಗೆ ಮೊದಲು ಆ ಶನಿವಾರ ಕೊಡು ಕಣೋ.

ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ, ನಾಳೆ ಮಧ್ಯಾಹ್ನದೊಳಗೆ.

ನಿನ್ನ ಜೀವ ತಿನ್ನುವ ಅಕ್ಕ,
ಲೆಂಪಿ