ಎರಡು ಬೆರಳು ಹೆಚ್ಚಾದ ಆ್ಯಕ್ಸಲ್

ಬಳ್ಳಾರಿ, ಫೆಬ್ರವರಿ ೩೦, ೨೨೩೧

ಬಳ್ಳಾರಿಯಲ್ಲಿ ಅಂಬಾಸಿಡರ್ ಕಾರು ಇಟ್ಟುಕೊಂಡಿರುವ ಎಲ್ಲ ಹಿರಿಯರಿಗೆ ಎರ್ರಿಸ್ವಾಮಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಕಳಿಸುವ ಪತ್ರ. ಇದರಲ್ಲಿ ಮಾತು ಮಾತ್ರ ಹೋಗುತ್ತದೆ, ವಸ್ತು ಹೋಗುವುದಿಲ್ಲ. ನಿಮ್ಮಿಂದ ಉತ್ತರವೂ ಬರುವುದಿಲ್ಲ. ಬೇರೆ ದಿನವಾಗಿದ್ದರೆ ಕ್ಷೇಮ ಸಮಾಚಾರ ವಿಚಾರಿಸುತ್ತಿದ್ದೆ. ಈಗ ಅದಕ್ಕೆ ಹೊತ್ತಿಲ್ಲ.

ನನ್ನ ಹೆಂಡತಿ ಹಂಪಮ್ಮನಿಗೆ ದಿನ ತುಂಬಿದೆ. ಮಗು ಅಡ್ಡ ತಿರುಗಿದೆ, ಹೊಟ್ಟೆ ಕೊಯ್ದೇ ತೆಗೆಯಬೇಕು ಎಂದು ಸೂಲಗಿತ್ತಿ ನೀಲವ್ವ ಹೇಳಿದ್ದಾಳೆ. ಕೊಯ್ಯುವ ವೈದ್ಯರಿರುವುದು ಹೊಸಪೇಟೆಯಲ್ಲಿ. ನಡುವೆ ಕೆಂಬಯಲು. ನಿಮ್ಮ ಕಾಲದವರು ಅದಿರು ತೆಗೆದು ಬಿಟ್ಟುಹೋದ ಮಣ್ಣೆಲ್ಲ ಹರಡಿ ಆದ ಬಯಲು ಅದು. ವರ್ಷವಿಡೀ ಕಬ್ಬಿಣದ ಧೂಳು ಏಳುತ್ತದೆ. ನಾವು ಓಡಾಡುವುದು ತೇಲುಬಂಡಿಗಳಲ್ಲಿ, ನೆಲ ಮುಟ್ಟದೆ ಮೊಳದೆತ್ತರದಲ್ಲಿ ಸಾಗುವಂಥವು. ಆ ಧೂಳು ಒಳಗೆ ಹೊಕ್ಕರೆ ಸಾಕು, ಕುಸಿದು ಬೀಳುತ್ತವೆ. ಹೋದ ತಿಂಗಳು ಒಂದು ಬಿತ್ತು. ಒಳಗಿದ್ದವರು ಸಿಗಲೇ ಇಲ್ಲ. ಆ ಬಯಲಿಗೆ ಗಾಲಿಯ ಬಂಡಿಯೇ ಆಗಬೇಕು. ಇಡೀ ಊರಿನಲ್ಲಿ ಅಂಥದ್ದು ನಮ್ಮ ಮನೆಯ ಅಂಬಾಸಿಡರ್ ಒಂದೇ. ಹೊಂಗೆ ಎಣ್ಣೆ ಹಾಕಿದರೆ ಅದರ ಎಂಜಿನ್ ಈಗಲೂ ಗುರುಗುಟ್ಟುತ್ತದೆ.

ತಲೆಮಾರುಗಳಿಂದ ಅದನ್ನು ಕಲ್ಲುಗಳ ಮೇಲೆ ಕೂರಿಸಿದ್ದೇವೆ. ಗಾಲಿಗಳನ್ನು ಬಿಚ್ಚಿ ದೇವರ ಮನೆಯಲ್ಲಿಟ್ಟಿದ್ದೇವೆ. ಪ್ರತಿ ಆಯುಧಪೂಜೆಗೆ ಕುಂಬಳಕಾಯಿ ಒಡೆದು, ಬರಿದಾದ ಆ್ಯಕ್ಸಲ್ ತುದಿಗಳಿಗೆ ಎಣ್ಣೆ, ಕುಂಕುಮ ಮೆತ್ತುತ್ತೇವೆ. ಹಳೆಯದನ್ನು ಒರೆಸುವುದು ಅಪಶಕುನ. ಅದರ ಮೇಲೆಯೇ ಹೊಸದು. ಹಿಂಬದಿಯ ಆ್ಯಕ್ಸಲ್ ತುಕ್ಕು ತಿಂದು ಸೀಳಿದೆ ಎಂಬುದು ಕಾರನ್ನು ಕಲ್ಲಿನಿಂದ ಇಳಿಸುವಾಗಲೇ ತಿಳಿದದ್ದು. ತುದಿಯಿಂದ ತುದಿಗೆ ದಾರ ಹಿಡಿದು ಅಳೆದೆವು. ಗುಂತಕಲ್ಲಿನ ಗುಜರಿಯಲ್ಲಿ ಅಷ್ಟೇ ಉದ್ದದ ಯಾವುದೋ ಜೀಪಿನದನ್ನು ಹುಡುಕಿ ಹೊತ್ತು ತಂದೆವು. ಹಾಕಿ ನೋಡಿದರೆ ಗಾಲಿ ಎರಡು ಬೆರಳು ಹೊರಗೆ ಚಾಚಿ ಮಡ್‌ಗಾರ್ಡಿಗೆ ಉಜ್ಜಿತು. ಓಣಿ ದಾಟುವಷ್ಟರಲ್ಲಿ ಟೈರು ಹೊಗೆಯಾಡಿತು. ಕಬ್ಬಿಣದ ಜೊತೆ ಮುತ್ತಜ್ಜಂದಿರ ಕುಂಕುಮವನ್ನೂ ಸೇರಿಸಿ ಅಳೆದಿದ್ದೆವು! ಸರಿಯಳತೆಯದು ಗುಜರಿಯಲ್ಲಿ ಇನ್ನೊಂದಿಲ್ಲ, ಇದನ್ನೇ ಕತ್ತರಿಸಿ ಬೆಸೆಯಬಲ್ಲವರು ನಮ್ಮ ಕಾಲದಲ್ಲಿ ಯಾರೂ ಉಳಿದಿಲ್ಲ.

ಹಂಪಮ್ಮ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡಿದಳು. "ನಿಮ್ಮ ಅಜ್ಜಾರು ಭಕ್ತಿ ಒಂಚೂರು ಕಡಿಮಿ ಮಾಡಿದ್ರ ನಾನು ಬದುಕ್ತಿದ್ದೆ ನೋಡ್ರಿ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ.

ಹಿರಿಯರೇ, ನಿಮ್ಮ ಕಾರಿನ ಹಿಂದಿನ ಆ್ಯಕ್ಸಲ್ ಬಿಚ್ಚಿ. ಅಳತೆಯ ಗೊಡವೆಯೇ ಬೇಡ, ಇದ್ದದ್ದು ಇದ್ದ ಹಾಗೆ ಬೇಕು. ದಪ್ಪಗೆ ಗ್ರೀಸ್ ಬಳಿದು, ತಾಡಪಾಲು ಸುತ್ತಿ, ಕೋಟೆ ಗುಡ್ಡದ ಮೂಡಣ ಬುಡದಲ್ಲಿ ಮಂಡಿಯೂರಿದ ಆನೆಯಂಥ ಒಂದು ಬಂಡೆ ಇದೆಯಲ್ಲ, ಅದರ ಮುಂದೆ ಆಳಕ್ಕೆ ಹೂತಿಡಿ. ನಿಮಗೆ ಕಾರು ಎಷ್ಟು ಪ್ರೀತಿಯದೆಂದು ನಾನು ಬಲ್ಲೆ. ಆದರೂ ಕೇಳುತ್ತಿದ್ದೇನೆ.

ಆ ಬಂಡೆಯ ಮುಂದೆಯೇ ಕೂತು ಇದನ್ನು ಬರೆಯುತ್ತಿದ್ದೇನೆ. ನೀವು ಇಟ್ಟಿದ್ದರೆ ಅದು ಈಗಾಗಲೇ ನನ್ನ ಕಾಲ ಕೆಳಗಿದೆ. ಇಟ್ಟಿಲ್ಲವಾದರೆ ಅಗೆದ ಕೂಡಲೇ ಗೊತ್ತಾಗುತ್ತದೆ. ಹಾರೆ ಪಕ್ಕದಲ್ಲೇ ಇದೆ, ಎತ್ತಲು ಭಯ. ಓಲೆ ಮುಗಿದರೆ ಅಗೆಯಲೇಬೇಕು. ಅದಕ್ಕೇ ಇನ್ನೂ ಬರೆಯುತ್ತಿದ್ದೇನೆ.